ಬೆಟ್ಟದ ಬೀಜ

ಬೀಜ ಅಂದ್ರೆ ನನಗೆ ಮೊದಲು ನೆನಪಾಗೋದು ಅಟ್ಟದ ಮೇಲೆ ಬೂದಿ ಬೆರೆಸಿ ಇಟ್ಟಿರ್ತಿದ್ದ ಅವರೆ ಗಡಿಗೆ. ಬಿಇ ಸೇರಿದ ಮೇಲೆ ಇನ್ನೊಂದು ಬೀಜದ ಪರಿಚಯ ಆಯ್ತು. ಅದು ಬರೀ ಒಂದು ಸಂಖ್ಯೆ, ಪ್ರೋಗ್ರಾಮರ್‌ಗಳ ಭಾಷೆಯಲ್ಲಿ ಸೀಡ್. ಸರಿಯಾದ ಸೂತ್ರಕ್ಕೆ ಹಾಕಿದರೆ ಅದರಿಂದ ಬೆಟ್ಟವೇ ಬೆಳೆಯುತ್ತೆ. ಅಪ್ಪನ ಬೀಜ ಮಳೆ ನೋಡಿ ಫಲ ಕೊಡ್ತಿತ್ತು. ಇದು ಎಷ್ಟು ಸಲ ಬಿತ್ತಿದರೂ ಅದೇ ಬೆಟ್ಟ, ಅದೇ ಕಣಿವೆ.

ಈ ಬೇಸಾಯ ಕಲಿಸಿದವರಲ್ಲಿ ಲೋರೆನ್ ಕಾರ್ಪೆಂಟರ್ ಮುಖ್ಯ. ಬೋಯಿಂಗ್‌ನಲ್ಲಿದ್ದ ಅವನಿಗೆ ವಿಮಾನದ ಚಿತ್ರಗಳ ಹಿಂದೆ ನಿಲ್ಲಿಸೋಕೆ ಬೆಟ್ಟಗಳು ಬೇಕಿದ್ದವು. ಮ್ಯಾಂಡೆಲ್‌ಬ್ರಾಟ್‌ನ ಫ್ರಾಕ್ಟಲ್ ಗಣಿತ ಓದಿ ಒಂದು ಉಪಾಯ ಕಂಡುಕೊಂಡ: ಒಂದು ತ್ರಿಕೋನ ತಗೊಂಡು ಪ್ರತಿ ಬದಿಯ ಮಧ್ಯಬಿಂದುವನ್ನು ಒಂಚೂರು ಮೇಲಕ್ಕೋ ಕೆಳಕ್ಕೋ ಜರುಗಿಸು. ಹುಟ್ಟಿದ ಸಣ್ಣ ತ್ರಿಕೋನಗಳಿಗೂ ಹಾಗೇ ಮಾಡು. ಮಾಡ್ತಾ ಹೋಗು. 1980ರಲ್ಲಿ ಆ ಬೆಟ್ಟಗಳ ಮೇಲೆ ಹಾರುವ ಪುಟ್ಟ ಚಿತ್ರ 'ವೋಲ್ ಲಿಬ್ರ್' ತೋರಿಸಿದ, ಲ್ಯೂಕಾಸ್‌ಫಿಲ್ಮ್ ಅವನನ್ನು ಕೆಲಸಕ್ಕೆ ಕರ್ಕೊಂಡಿತು. ಮುಂದೆ ಅದೇ ಸಂಸ್ಥೆಯ 'ರೆಸ್ಕ್ಯೂ ಆನ್ ಫ್ರಾಕ್ಟಲಸ್' ಆಟದಲ್ಲಿ, ಅಟಾರಿಯಂಥ ಬಡ ಯಂತ್ರದ ಮೇಲೂ ಅನ್ಯಗ್ರಹದ ಬೆಟ್ಟಸಾಲು ಎದ್ದಿತು.

ಅತ್ತ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಡೇವಿಡ್ ಬ್ರಾಬೆನ್, ಇಯಾನ್ ಬೆಲ್ ಅನ್ನೋ ಇಬ್ಬರು ವಿದ್ಯಾರ್ಥಿಗಳು 1984ರಲ್ಲಿ 'ಎಲೀಟ್' ತಂದರು. ಬಿಬಿಸಿ ಮೈಕ್ರೋ ಕಂಪ್ಯೂಟರಿನ ಮೆಮರಿ 32 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಅದರಲ್ಲಿ ಹಿಡಿಸೋದು ಕಷ್ಟ. ಅಷ್ಟರಲ್ಲೇ 8 ಗ್ಯಾಲಕ್ಸಿ, ಒಂದೊಂದರಲ್ಲಿ 256 ಗ್ರಹ, ಒಟ್ಟು 2048! ಯಾವುದನ್ನೂ ಬರೆದಿಟ್ಟಿರಲಿಲ್ಲ. ಆರು ಬೈಟ್‌ನ ಬೀಜ ಇಟ್ಟುಕೊಂಡು, ಗ್ರಹದ ಹೆಸರು, ಸರ್ಕಾರ, ಜನಸಂಖ್ಯೆ ಎಲ್ಲವನ್ನೂ ಬೇಕಾದಾಗ ಲೆಕ್ಕ ಹಾಕಿ ತೆಗೀತಿದ್ದರು.

2016ರ 'ನೋ ಮ್ಯಾನ್ಸ್ ಸ್ಕೈ' ಹೊತ್ತಿಗೆ ಬೀಜ 64 ಬಿಟ್‌ನದಾಯಿತು. ಗ್ರಹಗಳ ಸಂಖ್ಯೆ, 18ರ ಮುಂದೆ 18 ಸೊನ್ನೆ ಹಾಕಿದರೂ ಮುಗಿಯದಷ್ಟು. ಅಲ್ಲೂ ಬೆಟ್ಟವನ್ನು ಎಲ್ಲೂ ಕೂಡಿಟ್ಟಿಲ್ಲ. ನೀವು ಹತ್ತಿರ ಹೋದಾಗ ಹುಟ್ಟುತ್ತೆ, ತಿರುಗಿ ಹೋದರೆ ಅಳಿಯುತ್ತೆ.

ಆದರೆ ಅದೇ ಬೆಟ್ಟದಲ್ಲಿ ಒಂದು ಗುಂಡಿ ತೋಡಿ ನೋಡಿ. ಗುಂಡಿ ಸೂತ್ರದಲ್ಲಿಲ್ಲ, ಅದು ನೀವು ಮಾಡಿದ್ದು. ಹಾಗಾಗಿ ಅದನ್ನು ಬರೆದಿಡಲೇಬೇಕು. ಇಡೀ ಗ್ರಹ ಪುಕ್ಕಟೆ, ಮನುಷ್ಯ ಕೈ ಹಾಕಿದ್ದಕ್ಕೆ ಮಾತ್ರ ಮೆಮರಿ ಖರ್ಚು. ಆ ಮೆಮರಿಗೂ ಮಿತಿ ಇದೆ. ತುಂಬಿದರೆ ಹಳೇ ಗುಂಡಿಗಳು ಮುಚ್ಚಿಕೊಂಡು ಬೆಟ್ಟ ಮತ್ತೆ ಇಡಿಯಾಗಿ ನಿಂತುಬಿಡುತ್ತೆ.

ಇದನ್ನ ಓದಿದಾಗ ನನಗೆ ನಮ್ಮೂರ ಗುಡ್ಡ ನೆನಪಾಯ್ತು. ನಾನು ಪಿಯುಸಿಯಲ್ಲಿದ್ದಾಗ ಅಲ್ಲಿಗೆ ಕ್ರಷರ್ ಬಂತು. ನಾನು ಬೆಂಗಳೂರಲ್ಲಿ ಕೆಲಸಕ್ಕೆ ಸೇರೋ ಹೊತ್ತಿಗೆ ಗುಡ್ಡ ಇರಲಿಲ್ಲ, ನೀರು ತುಂಬಿದ ಹಳ್ಳ ಇತ್ತು. ಅದರ ಜಲ್ಲಿ ಈಗ ಯಾವ ಫ್ಲೈಓವರ್‌ನಲ್ಲಿದೆಯೋ ಏನೋ, ನಾನೂ ದಿನಾ ಅದರ ಮೇಲೇ ಆಫೀಸಿಗೆ ಹೋಗ್ತಿರಬಹುದು.

ಅಪ್ಪ ಮಾತ್ರ ಹೊಸಬರಿಗೆ ಇವತ್ತಿಗೂ ದಾರಿ ಹೇಳೋದು "ಗುಡ್ಡದ ಹತ್ರ ಎಡಕ್ಕೆ ತಿರುಗಿ" ಅಂತಲೇ. ಅವರು ಗುಡ್ಡ ಹುಡುಕ್ತಾ ಹುಡುಕ್ತಾ ಮುಂದಿನ ಊರು ತಲುಪಿಬಿಡ್ತಾರೆ.