ಮಾರಿಕುಪ್ಪಂ: ಚಿನ್ನ ಮುಗಿದ ಮೇಲಿನ ಊರು

ಚೆನ್ನೈನಲ್ಲಿ ನಾನು ಕೋಲಾರದ ಕಡೆಯವಳು ಎಂದರೆ ಸಾಕು, "ಓ, ಕೆಜಿಎಫ್!" ಎನ್ನುತ್ತಾರೆ. 2018ರ ಕನ್ನಡ ಸಿನಿಮಾ ಒಂದು ಕಡೆ, 2024ರಲ್ಲಿ ಬಂದ ಪಾ. ರಂಜಿತ್ ಅವರ ತಮಿಳಿನ 'ತಂಗಲಾನ್' ಇನ್ನೊಂದು ಕಡೆ. ಎರಡನ್ನೂ ನೋಡಿದ ನಮ್ಮ ಪೆರುಂಗುಡಿಯ ಗೆಳತಿಯರು, ಅಲ್ಲಿ ಈಗ ಏನಿದೆ ಎಂದು ಕೇಳುತ್ತಿರುತ್ತಾರೆ. ನನ್ನ ಸೋದರಮಾವ ರಾಬರ್ಟ್‌ಸನ್‌ಪೇಟೆಯಲ್ಲಿ ಮೇಷ್ಟರಾಗಿದ್ದರು. ಬೇಸಿಗೆ ರಜೆ ಬಂದರೆ ನಾವು ಅಲ್ಲಿಗೇ ಹೋಗುತ್ತಿದ್ದೆವು. ಹಾಗಾಗಿ ಈ ಸಂಚಿಕೆಗೆ ಅದನ್ನೇ ಬರೆಯೋಣ ಎನಿಸಿತು.

ಚೆನ್ನೈನಿಂದ ಬೆಂಗಳೂರಿಗೆ ಹೋಗುವಾಗ ಬಂಗಾರಪೇಟೆ ಸಿಗುತ್ತದಲ್ಲ, ಅಲ್ಲಿಂದ ಒಂದು ಚಿಕ್ಕ ರೈಲು ಮಾರ್ಗ ಕವಲೊಡೆಯುತ್ತದೆ. ಕೋರಮಂಡಲ್, ಉರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಮುಂದೆ ಹಳಿ ಇಲ್ಲ. ಗಣಿಗಾಗಿಯೇ 1894ರಲ್ಲಿ ಹಾಕಿದ ಮಾರ್ಗ ಅದು.

ಅದಕ್ಕೂ ಮುಂಚೆ ಉರಿಗಾಂ, ಮಾರಿಕುಪ್ಪಂ ಎರಡೂ ಸಾಮಾನ್ಯ ಹಳ್ಳಿಗಳು. 1802ರಲ್ಲಿ ಮೈಸೂರು ಸೀಮೆಯ ಸರ್ವೆಗೆ ಬಂದ ಲೆಫ್ಟಿನೆಂಟ್ ಜಾನ್ ವಾರೆನ್‌ಗೆ ಇಲ್ಲಿನ ಜನ ಮಣ್ಣು ತೊಳೆದು ಚಿನ್ನದ ಕಣ ತೋರಿಸಿದರು. ಸಾಹೇಬರು ಚಿನ್ನ ಕಂಡುಹಿಡಿದರು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ನಿಜಕ್ಕೂ ತೋರಿಸಿಕೊಟ್ಟವರು ಊರಿನವರೇ. ವಾರೆನ್ ಬರೆದಿದ್ದನ್ನು ಸುಮಾರು ಎಪ್ಪತ್ತು ವರ್ಷಗಳ ನಂತರ ಓದಿದ ಲವೆಲ್ ಎಂಬ ನಿವೃತ್ತ ಸೈನಿಕ ಮೈಸೂರು ಸರ್ಕಾರದಿಂದ ಪರವಾನಗಿ ಪಡೆದ. ಅವನಿಗೆ ಹೆಚ್ಚೇನೂ ದಕ್ಕಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ, ಆ ದಶಕದಲ್ಲೇ ಚಾಂಪಿಯನ್ ರೀಫ್ ಎಂಬ ಶ್ರೀಮಂತ ಅದಿರಿನ ಪದರ ಸಿಕ್ಕಿ ಊರಿನ ಹಣೆಬರಹವೇ ಬದಲಾಯಿತು.

ಎಷ್ಟು ಬದಲಾಯಿತೆಂದರೆ, ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು 1902ರ ಜೂನ್‌ನಲ್ಲಿ ಇಲ್ಲಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ! ಕುಡಿಯುವ ನೀರು ಬೇತಮಂಗಲದಿಂದ ಬಂತು. ಗುಡ್ಡದ ಮೇಲೆ ಬಂಗಲೆ, ಕ್ಲಬ್, ಗಾಲ್ಫ್ ಮೈದಾನ. ಆ ಭಾಗಕ್ಕೆ 'ಲಿಟಲ್ ಇಂಗ್ಲೆಂಡ್' ಎಂದೇ ಹೆಸರು. ಆದರೆ ಕಾರ್ಮಿಕರಿದ್ದದ್ದು ಲೈನ್‌ಗಳಲ್ಲಿ. ಸಾಲಾಗಿ ಕಟ್ಟಿದ ತಟ್ಟಿ ಗೋಡೆಯ ಒಂದೊಂದೇ ಕೋಣೆ, ನಿಂತರೆ ತಲೆಗೆ ತಗಡು.

ಆ ಲೈನ್‌ಗಳಿಗೆ ಬಂದವರು ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತ ಕುಟುಂಬಗಳು. ಜಮೀನ್ದಾರರ ಹೊಲ ಬಿಟ್ಟು, ಭೂಮಿಯೊಳಗಿನ ಕತ್ತಲೆಯೇ ವಾಸಿ ಎಂದು ಬಂದವರು. ನಮ್ಮ ಚೆನ್ನೈಗೂ ಮಾರಿಕುಪ್ಪಂಗೂ ನಂಟು ಬೆಳೆದದ್ದು ಇವರಿಂದಲೇ. ಪಂಡಿತ ಅಯೋಧ್ಯಾದಾಸರು ಮದರಾಸಿನಲ್ಲಿ ಆರಂಭಿಸಿದ ಬೌದ್ಧ ಸಂಘದ ಶಾಖೆ ಮಾರಿಕುಪ್ಪಂನಲ್ಲಿತ್ತು. 1907ರಲ್ಲಿ ಅವರು ಶುರು ಮಾಡಿದ 'ತಮಿಳನ್' ಪತ್ರಿಕೆ, ಅವರು ತೀರಿಕೊಂಡ ಮೇಲೆ ಗಣಿಯ ಊರಿನಿಂದಲೇ ಮತ್ತೆ ಹೊರಬಂತು. ದಿನವಿಡೀ ಬಂಡೆ ಕೊರೆದವರು ಸಂಜೆ ಪತ್ರಿಕೆ ಓದಿಸಿ ಕೇಳುತ್ತಿದ್ದ ಊರು ಅದು. ಸಿನಿಮಾಗಳಲ್ಲಿ ಚಾಟಿಯೇಟು ತಿನ್ನುವ ಜನರನ್ನಷ್ಟೇ ನೋಡಿದವರಿಗೆ ಈ ವಿಷಯ ಗೊತ್ತಿರುವುದಿಲ್ಲ.

ಗಣಿ 3 ಕಿ.ಮೀ.ಗಿಂತಲೂ ಆಳಕ್ಕೆ ಇಳಿಯಿತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. (ಇದೇ ಆಳ ವಿಜ್ಞಾನಿಗಳಿಗೂ ಒದಗಿತು. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಕಣಗಳ ಸುಳಿವು ಸಿಕ್ಕ ಮೊದಲ ಕೆಲವು ಜಾಗಗಳಲ್ಲಿ ಚಾಂಪಿಯನ್ ರೀಫ್ ಗಣಿಯೂ ಒಂದು.) ಒತ್ತಡ ತಾಳದೆ ಬಂಡೆ ಸಿಡಿಯುವುದನ್ನು ಅಲ್ಲಿ 'ಏರ್‌ಬ್ಲಾಸ್ಟ್' ಎನ್ನುತ್ತಿದ್ದರು. ನಮ್ಮ ಅತ್ತೆ, ಅಂದರೆ ಸೋದರಮಾವನ ಹೆಂಡತಿ, ಹೇಳುತ್ತಿದ್ದರು: "ಅಟ್ಟದ ಮೇಲಿನ ಪಾತ್ರೆ ಗಡಗಡ ಅಂದ್ರೆ ಸಾಕು ಕಣೇ, ಲೈನ್‌ನ ಹೆಂಗಸರೆಲ್ಲ ಒಲೆ ಮೇಲಿದ್ದದ್ದನ್ನ ಹಾಗೇ ಬಿಟ್ಟು ಬೀದಿಗೆ ಬರೋರು. ಯಾವ ಶಾಫ್ಟು, ಯಾವ ಪಾಳಿ ಅಂತ ಒಬ್ಬರನ್ನೊಬ್ಬರು ಕೇಳೋರು." ಉಳಿದ ಗಂಡಸರಲ್ಲಿ ಎಷ್ಟೋ ಮಂದಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್‌ನಿಂದ ನರಳಿದರು. ಅವರ ಆರೈಕೆ ಮಾಡಿದ ಹೆಂಗಸರ ಲೆಕ್ಕವನ್ನು ಯಾವ ಕಂಪನಿಯೂ ಬರೆದಿಡಲಿಲ್ಲ.

ಗಣಿ 1956ರಲ್ಲಿ ಮೈಸೂರು ಸರ್ಕಾರಕ್ಕೆ, 1962ರಲ್ಲಿ ಕೇಂದ್ರಕ್ಕೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಆಳ ಹೆಚ್ಚಿದಷ್ಟೂ ಖರ್ಚು ಏರುತ್ತಿತ್ತು, ಟನ್ ಅದಿರಿಗೆ ಸಿಗುವ ಚಿನ್ನ ಇಳಿಯುತ್ತಿತ್ತು. 2001ರ ಫೆಬ್ರವರಿ 28ರಂದು ಮುಚ್ಚಿದರು. 120 ವರ್ಷಗಳಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಪಂಪ್‌ಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಬಾಕಿ ಹಣ, ಲೈನ್ ಮನೆಯ ಹಕ್ಕು ಎಂದು ಜನ ವರ್ಷಗಟ್ಟಲೆ ಅಲೆದರು.

ಆಮೇಲೆ ಊರನ್ನು ಉಳಿಸಿದ್ದು ಆ ರೈಲು, ಮತ್ತು ಅದನ್ನು ಹತ್ತಿದ ಹೆಂಗಸರು, ಹುಡುಗಿಯರು ಎಂದು ನಾನು ಹೇಳುತ್ತೇನೆ. ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂನಿಂದ ಹೊರಡುವ ಗಾಡಿಯಲ್ಲಿ ಸಾವಿರಾರು ಜನ ಬೆಂಗಳೂರಿಗೆ ಹೋಗುತ್ತಾರೆ: ಗಾರ್ಮೆಂಟ್ಸ್, ಆಸ್ಪತ್ರೆ, ಅಂಗಡಿ, ಸಾಫ್ಟ್‌ವೇರ್ ಕಚೇರಿ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಮಕ್ಕಳ ಪರೀಕ್ಷೆಯ ಓದು ಎಲ್ಲವೂ ಬೋಗಿಯಲ್ಲೇ. ಮನೆ ಮುಟ್ಟುವಾಗ ರಾತ್ರಿ. ಅಪ್ಪ ಇಳಿಯುತ್ತಿದ್ದದ್ದು ನೆಲದೊಳಗೆ, ಮಗಳು ಹೋಗುವುದು 100 ಕಿ.ಮೀ. ದೂರ. ಇಬ್ಬರದ್ದೂ ಪಾಳಿಯೇ.

ಭಾಷೆಯ ಮಾತು ಬಂದರೆ ನನಗೆ ಸ್ವಲ್ಪ ಮುಜುಗರ. ನಾವು ಇಲ್ಲಿ ತಮಿಳರ ನಡುವೆ ಕನ್ನಡ ಸಂಘ ಕಟ್ಟಿಕೊಂಡು ರಾಜ್ಯೋತ್ಸವ ಮಾಡುತ್ತೇವೆ, ಯಾರೂ ನಮ್ಮನ್ನು ಹೊರಗಿನವರು ಎನ್ನುವುದಿಲ್ಲ. ಅಲ್ಲಿ ನಾಲ್ಕು ತಲೆಮಾರು ಕಳೆದವರನ್ನು "ತಮಿಳುನಾಡಿಂದ ಬಂದೋರು" ಎಂದೇ ಕರೆಯುವುದನ್ನು ನನ್ನ ನೆಂಟರ ಬಾಯಲ್ಲೇ ಕೇಳಿದ್ದೇನೆ. ಅವರ ಮಕ್ಕಳು ಮನೆಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಮೂರನ್ನೂ ಸಲೀಸಾಗಿ ಆಡುತ್ತಾರೆ.

ಈಗ ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಯನೈಡ್ ಗುಡ್ಡಗಳು. ಅದಿರು ಅರೆದು, ಸಯನೈಡ್‌ನಿಂದ ಚಿನ್ನ ಬಸಿದ ಮೇಲೆ ಉಳಿದ ಬೂದು ಮಣ್ಣು, ಮೂರು ಕೋಟಿ ಟನ್‌ಗೂ ಹೆಚ್ಚು. ಗಾಳಿಕಾಲದಲ್ಲಿ ಆ ಧೂಳು ಒಣಹಾಕಿದ ಬಟ್ಟೆ, ತಟ್ಟೆಯ ಅನ್ನ ಯಾವುದನ್ನೂ ಬಿಡುವುದಿಲ್ಲ. ನಮ್ಮ ಪೆರುಂಗುಡಿಯ ಕಸದ ಗುಡ್ಡವನ್ನು ಪಾಲಿಕೆ ಬಗೆದು ತೆರವು ಮಾಡಲು ಹೊರಟಾಗ ನನಗೆ ಅದೇ ನೆನಪಾಯಿತು. ಆ ಮಣ್ಣಿನಲ್ಲಿ ಇನ್ನೂ ಚೂರುಪಾರು ಚಿನ್ನವಿದೆ. 2024ರ ಜೂನ್‌ನಲ್ಲಿ 13 ಗುಡ್ಡಗಳನ್ನು, ಸುಮಾರು 1,003 ಎಕರೆಯಲ್ಲಿ, ಮತ್ತೆ ಗಣಿಗಾರಿಕೆಗೆ ಕೊಡುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ನೀಡಿತು. ಹುಡುಗರಿಗೆ ಊರಲ್ಲೇ ಕೆಲಸ ಸಿಕ್ಕೀತು ಎಂದು ಕೆಲವರು ಕಾಯುತ್ತಿದ್ದಾರೆ. ನಮ್ಮ ಅತ್ತೆಯ ಪ್ರಶ್ನೆ ಬೇರೆ: "ಅಗೆಯೋವಾಗ ಏಳೋ ಧೂಳು ಯಾರ ಮನೆಗೆ ಬರುತ್ತೆ?"