ಶೂನ್ಯಸಂಪಾದನೆಯ ವಾದಕ್ರಮ

12ನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಹುಟ್ಟಿದ ನುಡಿಗಳು. ಅವುಗಳನ್ನು ಸಂವಾದರೂಪದಲ್ಲಿ ಹೆಣೆದು ‘ಶೂನ್ಯಸಂಪಾದನೆ’ಯನ್ನು ಮೊದಲು ಸಂಕಲಿಸಿದವರು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನವರು. ಮನವೊಲಿಸುವ ಕಲೆಯಲ್ಲಿ ಅವರು ಎಷ್ಟು ನಿಪುಣರೆಂಬುದಕ್ಕೆ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದ ಪ್ರಸಂಗವೊಂದೇ ಸಾಕು. ಲೋಕದ ಸಂಶಯವನ್ನೆಲ್ಲ ಅಲ್ಲಮಪ್ರಭುಗಳೇ ಪೂರ್ವಪಕ್ಷವಾಗಿ ಎತ್ತುತ್ತಾರೆ: ಪತಿ ಯಾರು? ಉಡುಗೆ ತೊರೆದವಳಿಗೆ ಕೂದಲ ಮರೆಯೇಕೆ? ಅಕ್ಕ ಶಾಸ್ತ್ರಪ್ರಮಾಣವನ್ನು ಮುಂದಿಡುವುದಿಲ್ಲ. ಹಣ್ಣು ಮತ್ತು ಸಿಪ್ಪೆಯ ದೃಷ್ಟಾಂತವನ್ನು ಕೊಟ್ಟು, ಆ ಮರೆ ನೋಡುವವರಿಗೆ ನೋವಾಗದಿರಲೆಂದೇ ಹೊರತು ತನಗಾಗಿ ಅಲ್ಲವೆನ್ನುತ್ತಾಳೆ. ಆಕ್ಷೇಪದ ಭಾರವೆಲ್ಲ ಆಕ್ಷೇಪಿಸಿದವರ ಮೇಲೆಯೇ ಬೀಳುತ್ತದೆ! ಕೇಳುವವನು ವಾದದಲ್ಲಿ ಸೋತೆನೆಂದು ತಿಳಿಯುವ ಮೊದಲೇ ಒಪ್ಪಿಬಿಟ್ಟಿರುತ್ತಾನೆ.

ಈ ಸಂವಾದವನ್ನು ಕಲ್ಯಾಣದ ಗೋಷ್ಠಿಯ ಯಥಾವತ್ ವರದಿಯೆಂದು ಬಗೆಯುವವರುಂಟು. ಅದು ಸರಿಯಲ್ಲ. ನುಡಿ ಶರಣರದು, ಪ್ರಶ್ನೆಗೆ ಉತ್ತರವನ್ನು ಎದುರಿಟ್ಟ ಜೋಡಣೆ ಸಂಕಲನಕಾರರದು. ಜೋಡಣೆ ಮಾರ್ಪಟ್ಟರೆ ನಿರ್ಣಯವೂ ಮಾರ್ಪಡುವುದೆಂಬುದಕ್ಕೆ ಸಿದ್ಧರಾಮನ ಪ್ರಸಂಗವೇ ಸಾಕ್ಷಿ. ಮಹಾದೇವಯ್ಯನವರ ಕೃತಿಯಲ್ಲಿ ಅವನಿಗೆ ಇಷ್ಟಲಿಂಗದೀಕ್ಷೆಯಾದ ಸಂಗತಿ ಇಲ್ಲ. ಅನಂತರದ ಹಲಗೆಯಾರ್ಯರು ಅದನ್ನು ಸೇರಿಸಿದರು. ಗುಮ್ಮಳಾಪುರದ ಸಿದ್ಧಲಿಂಗಯತಿಗಳೂ ಗೂಳೂರು ಸಿದ್ಧವೀರಣ್ಣೊಡೆಯರೂ ಆ ದಾರಿಯನ್ನೇ ಹಿಡಿದರು.