6 ರೂಪಾಯಿಯ ಹಾಡು

2012ರ ಫೆಬ್ರವರಿಯಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ ಪುಸ್ತಕ, ಮೊಬೈಲುಗಳ ಜೊತೆಗೆ ಹಾಡುಗಳನ್ನೂ ಮಾರಲು ಹೊರಟಿತು. ಆ ಮಳಿಗೆಗೆ ಇಟ್ಟ ಹೆಸರು ಫ್ಲೈಟ್. 6 ರೂಪಾಯಿಯಿಂದ 15 ರೂಪಾಯಿ ತೆತ್ತರೆ ಒಂದು ಹಾಡಿನ ಎಂಪಿ3 ಫೈಲ್ ಕಂಪ್ಯೂಟರಿಗೆ ಇಳಿಯುತ್ತಿತ್ತು. ಅದಕ್ಕೆ ಬೀಗಮುದ್ರೆ ಇರಲಿಲ್ಲ. ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಕಾರಿನಲ್ಲಿ ಕೇಳಿ, ಕೇಳುವವರಿಲ್ಲ. 2013ರ ಜೂನ್ 17ರಂದು ಅಂಗಡಿ ಬಾಗಿಲು ಹಾಕಿತು. ಒಟ್ಟು ಹದಿನಾರು ತಿಂಗಳ ಬಾಳು.

ನಮ್ಮ ಜನ ಹಾಡಿಗೆ ದುಡ್ಡು ಬಿಚ್ಚುವುದಿಲ್ಲ, ಅದಕ್ಕೇ ಹೀಗಾಯಿತು ಎಂದು ಆಗ ಬಹಳ ಮಂದಿ ಷರಾ ಬರೆದರು. ಹಿಂದಿನ ಲೆಕ್ಕ ತೆಗೆದು ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಜನ ಕೊಡುತ್ತಲೇ ಇದ್ದರು. ಕೊಟ್ಟದ್ದು ಹಾಡಿದವರಿಗೂ ಬರೆದವರಿಗೂ ಮುಟ್ಟುತ್ತಿರಲಿಲ್ಲ, ಅಷ್ಟೇ.

ಕ್ಯಾಸೆಟ್ಟಿನ ಕಾಲವನ್ನೇ ತೆಗೆದುಕೊಳ್ಳಿ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದೇ ಅದಕ್ಕೆ ಹೆಸರು. 1987ರ ‘ಪ್ರೇಮಲೋಕ’ದ ಕ್ಯಾಸೆಟ್ ಲಹರಿ ಸಂಸ್ಥೆಯನ್ನು ಮನೆಮಾತಾಗಿಸಿತು. ಕ್ಯಾಸೆಟ್ ಪೆಟ್ಟಿಗೆಯೊಳಗೆ ಮಡಚಿಟ್ಟ ಕಾಗದವೊಂದು ಇರುತ್ತಿತ್ತು. ಎ ಕಡೆ ಯಾವ ಹಾಡು, ಬಿ ಕಡೆ ಯಾವುದು, ಸಾಹಿತ್ಯ ಯಾರದು, ಹಾಡಿದವರು ಯಾರು ಎಂಬುದೆಲ್ಲ ಅದರಲ್ಲಿ ಅಚ್ಚಾಗಿರುತ್ತಿತ್ತು. ಕವಿಗೆ ಸಿಕ್ಕ ಹಣ ಎಷ್ಟೇ ಇರಲಿ, ಹೆಸರಂತೂ ಕೇಳುಗನ ಮನೆಗೆ ಬರುತ್ತಿತ್ತು.

ಆ ಕಾಗದವನ್ನು ನುಂಗಿದ್ದು ಎಂಪಿ3. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರಾನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬರ್ಗ್ ಮತ್ತು ಸಂಗಡಿಗರು ಕಿವಿಗೆ ಹೇಗೂ ಕೇಳಿಸದ ಸದ್ದನ್ನು ಕಿತ್ತು ಹಾಕಿ ಹಾಡನ್ನು ಹತ್ತರಲ್ಲೊಂದು ಪಾಲಿನಷ್ಟು ಚಿಕ್ಕದಾಗಿಸುವ ವಿದ್ಯೆಯನ್ನು ಪಳಗಿಸಿದ್ದರು. ಫೈಲಿನ ಹೆಸರಿಗೆ ‘ಎಂಪಿ3’ ಎಂಬ ಬಾಲ ಸೇರಿದ್ದು 1995ರ ಜುಲೈನಲ್ಲಿ. ನಿಮಿಷಕ್ಕೆ ಸುಮಾರು 1 ಎಂಬಿ ಎಂದರೂ 700 ಎಂಬಿಯ ಒಂದು ಸಿಡಿಯಲ್ಲಿ 140 ಹಾಡು ಹಿಡಿಯುತ್ತವೆ. ಕ್ಯಾಸೆಟ್ಟಿನಲ್ಲಿ ಹಿಡಿಯುತ್ತಿದ್ದುದು ಹತ್ತೋ ಹನ್ನೆರಡೋ. 1999ರಲ್ಲಿ ಅಮೆರಿಕದ ಕಾಲೇಜು ಹುಡುಗ ಶಾನ್ ಫ್ಯಾನಿಂಗ್ ಕಟ್ಟಿದ ನ್ಯಾಪ್‌ಸ್ಟರ್ ಅಲ್ಲಿನ ಕಂಪನಿಗಳ ನಿದ್ದೆ ಕೆಡಿಸಿ, ಕೋರ್ಟಿನ ಏಟಿಗೆ 2001ರಲ್ಲಿ ನಿಂತುಹೋಯಿತು. ಮನೆಮನೆಗೆ ಇಂಟರ್‌ನೆಟ್ ಇಲ್ಲದ ನಮ್ಮಲ್ಲಿ ಅದೇ ಕೆಲಸವನ್ನು ಬಸ್‌ಸ್ಟ್ಯಾಂಡ್ ಪಕ್ಕದ ಸಿಡಿ ಗಾಡಿಗಳು ಮಾಡಿದವು.

ಆಮೇಲೆ ಬಂದದ್ದು ಮೆಮೊರಿ ಕಾರ್ಡು. ಊರಿನ ರೀಚಾರ್ಜ್ ಅಂಗಡಿಯಲ್ಲಿ ಒಂದು ಹಳೇ ಕಂಪ್ಯೂಟರು, ಅದರೊಳಗೆ ಭಕ್ತಿಗೀತೆ, ಜಾನಪದ, ಅಣ್ಣಾವ್ರ ಹಿಟ್ಸ್ ಎಂದು ಸಾಲು ಸಾಲು ಫೋಲ್ಡರು. 2 ಜಿಬಿ ಕಾರ್ಡು ಕೊಟ್ಟು, ಹತ್ತಿಪ್ಪತ್ತು ರೂಪಾಯಿ ಇಟ್ಟು, ‘ಸಾಂಗ್ಸ್ ತುಂಬ್ಸಿ’ ಎಂದರೆ ಮುಗಿಯಿತು. ಇಂಥ ಅಂಗಡಿಗಳಿಗೆ ಪರವಾನಗಿ ಕೊಟ್ಟು ಪಾಲು ವಸೂಲಿ ಮಾಡಲು ಇಂಡಿಯನ್ ಮ್ಯೂಸಿಕ್ ಇಂಡಸ್ಟ್ರಿ ಎಂಬ ಕಂಪನಿಗಳ ಒಕ್ಕೂಟ ಯೋಜನೆಯನ್ನೂ ಹಾಕಿತ್ತು. ಕದ್ದ ಮಾಲೆಂದು ಬೈಯುವುದು ಸುಲಭ. ಆದರೆ ಗಿರಾಕಿ ಅಲ್ಲಿಯೂ ದುಡ್ಡು ಎಣಿಸಿಕೊಟ್ಟೇ ಹೋಗುತ್ತಿದ್ದ. ಆ ಫೈಲುಗಳನ್ನು ಕಾರಿನ ಸ್ಟಿರಿಯೊದಲ್ಲಿ ಹಾಕಿದರೆ ಪುಟ್ಟ ಪರದೆಯ ಮೇಲೆ ಗಾಯಕನ ಹೆಸರು ಬರಬೇಕಾದ ಜಾಗದಲ್ಲಿ ಯಾವುದೋ ಕಳ್ಳ ವೆಬ್‌ಸೈಟಿನ ವಿಳಾಸ ಓಡುತ್ತಿತ್ತು. ಕವಿಯ ಹೆಸರಂತೂ ಎಲ್ಲಿಯೂ ಇಲ್ಲ.

ಇನ್ನೂ ಸೋಜಿಗವೆಂದರೆ ಕಾಲರ್ ಟ್ಯೂನು. ತಾನು ಕೇಳದ, ತನಗೆ ಫೋನ್ ಮಾಡಿದವರಷ್ಟೇ ಕೇಳುವ ಅರ್ಧ ನಿಮಿಷದ ತುಣುಕಿಗೆ ಜನ ತಿಂಗಳಿಗೆ 30 ರೂಪಾಯಿ ಆಸುಪಾಸು ಕಟ್ಟುತ್ತಿದ್ದರು. ಎಷ್ಟೋ ಜನರಿಗೆ ತಾವು ಕಟ್ಟುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲವೆನ್ನಿ. ಗಿರಾಕಿಯಿಂದ ಎರಡು ಸಲ ಒಪ್ಪಿಗೆ ಪಡೆಯದೆ ಇಂಥ ಸೇವೆ ಶುರು ಮಾಡಬಾರದೆಂದು 2013ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಹೇಳಬೇಕಾಯಿತು. ಆ ಹಣದಲ್ಲಿ ಸಿಂಹಪಾಲು ಟೆಲಿಕಾಂ ಕಂಪನಿಗಳದು.

ಫ್ಲೈಟ್ ಎಡವಿದ್ದು ಇಲ್ಲೇ. ಕಾಲರ್ ಟ್ಯೂನಿನ ಹಣ ಕರೆನ್ಸಿಯಲ್ಲಿ ತಾನಾಗಿ ಕಡಿತವಾಗುತ್ತಿತ್ತು. 6 ರೂಪಾಯಿಯ ಹಾಡಿಗಾದರೆ ಕಾರ್ಡಿನ ನಂಬರು ಹೊಡೆದು, ಪಾಸ್‌ವರ್ಡ್ ಕೊಟ್ಟು, ಬ್ಯಾಂಕಿನ ಪುಟ ತೆರೆಯುವುದನ್ನು ಕಾಯಬೇಕಿತ್ತು. ವಸ್ತು ಕೈಗೆ ಬಂದ ಮೇಲೆ ನಗದು ಕೊಡಿ ಎಂದು 2010ರಲ್ಲಿ ಆರಂಭಿಸಿ ದೇಶದ ನಂಬಿಕೆ ಗಳಿಸಿದ ಕಂಪನಿಗೆ, ಬಾಗಿಲಿಗೆ ಬಾರದ ಫೈಲಿನ ವಿಷಯದಲ್ಲಿ ಆ ಉಪಾಯ ಕೆಲಸಕ್ಕೆ ಬರಲಿಲ್ಲ. ಯುಪಿಐ ಬಂದದ್ದು 2016ರಲ್ಲಿ. ಅಷ್ಟರೊಳಗೆ ಗಾನಾ, ಸಾವನ್ ಎಂಬ ಆ್ಯಪ್‌ಗಳು ಜಾಹೀರಾತು ಹಾಕಿ ಪುಕ್ಕಟೆ ಕೇಳಿಸುತ್ತಿದ್ದವು. ಅದೇ ವರ್ಷ ಜಿಯೊ ಬಂದು ಡೇಟಾ ಅಗ್ಗವಾಯಿತು, ಫೈಲ್ ಇಟ್ಟುಕೊಳ್ಳುವ ಗರಜೇ ಉಳಿಯಲಿಲ್ಲ.

ಫ್ಲೈಟ್ ತೆರೆದ ವರ್ಷವೇ ಇನ್ನೊಂದು ದೊಡ್ಡ ಬದಲಾವಣೆ ಆಯಿತು. ಸುದ್ದಿಯಾದದ್ದು ಮಾತ್ರ ಕಡಿಮೆ. 2012ರ ಜೂನ್ 21ರಂದು ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ ಜಾರಿಗೆ ಬಂತು. ಅದುವರೆಗೆ ಸಿನಿಮಾ ಹಾಡು ಬರೆದವರು, ರಾಗ ಹಾಕಿದವರು ಒಂದು ಗಂಟು ಹಣ ಪಡೆದು ಎಲ್ಲ ಹಕ್ಕನ್ನೂ ಬರೆದುಕೊಡುವುದು ವಾಡಿಕೆ. ಚಿತ್ರಮಂದಿರದಲ್ಲಿ ಚಿತ್ರದೊಡನೆ ಕೇಳಿಸುವುದನ್ನು ಬಿಟ್ಟು, ಹಾಡಿನ ಮಿಕ್ಕ ಬಳಕೆಯ ರಾಯಧನದಲ್ಲಿ ಅವರಿಗೆ ಸಮಪಾಲಿದೆ, ಅದನ್ನು ಮಾರಿಬಿಡಲು ಬರುವುದಿಲ್ಲ ಎಂದಿತು ಹೊಸ ಕಾನೂನು. ಇದಕ್ಕಾಗಿ ರಾಜ್ಯಸಭೆಯ ಒಳಗೂ ಹೊರಗೂ ದನಿ ಎತ್ತಿದವರಲ್ಲಿ ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ಮುಖ್ಯರು. ಕಲಾವಿದರ ಮಟ್ಟಿಗೆ ಯಾವ ಆ್ಯಪ್‌ಗಿಂತಲೂ ಈ ತಿದ್ದುಪಡಿಯೇ ದೊಡ್ಡದು.

ಹಕ್ಕು ಬಂತಾದರೂ ಸ್ಟ್ರೀಮಿಂಗ್‌ನಲ್ಲಿ ಬರುವುದು ಚಿಲ್ಲರೆ ಕಾಸು. ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಸ್ಪಾಟಿಫೈ 2024ರಿಂದ ಆ ಕಾಸನ್ನೂ ನಿಲ್ಲಿಸಿದೆ. ಸಣ್ಣ ಊರಿನ ಗಾಯಕನಿಗೆ ಇದರ ಬಿಸಿ ಜೋರಾಗಿಯೇ ತಟ್ಟುತ್ತದೆ. ಇದಕ್ಕೆ ತಿರುಗು ದಾರಿಯೆಂದರೆ 2008ರಲ್ಲಿ ಅಮೆರಿಕದಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್. ಅಲ್ಲಿ ಬೆಲೆ ಕಟ್ಟುವವರು ಕಲಾವಿದರೇ, ಕೊಳ್ಳುವವರು ಅದಕ್ಕಿಂತ ಹೆಚ್ಚು ಕೊಡಬಹುದು. ಫೈಲುಗಳ ಮಾರಾಟದಲ್ಲಿ ಕಂಪನಿಯ ಪಾಲು ಶೇ. 15. ಕೋವಿಡ್ ಬಂದು ಸಂಗೀತ ಕಛೇರಿಗಳು ನಿಂತಾಗ, 2020ರ ಮಾರ್ಚ್ 20ರ ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಟ್ಟಿತು; ಒಂದೇ ದಿನ 43 ಲಕ್ಷ ಡಾಲರ್ ವ್ಯಾಪಾರವಾಯಿತು. ಬೆಂಗಳೂರಿನ ಹಲವು ಬ್ಯಾಂಡ್‌ಗಳು ಅಲ್ಲಿವೆ. ಭಾವಗೀತೆ, ತತ್ವಪದ ಹಾಡುವವರನ್ನು ಮಾತ್ರ ಹುಡುಕಬೇಕು.

ಮುಂದಿನ ಸಲ ಗಾಯನ ಕಾರ್ಯಕ್ರಮಕ್ಕೆ ಹೋದಾಗ ವೇದಿಕೆಯ ಹಿಂದೆ ಹೋಗಿ, ‘ನಿಮ್ಮ ಹಾಡು ಕೊಳ್ಳಲು ಎಲ್ಲಿ ಸಿಗುತ್ತದೆ?’ ಎಂದು ಕೇಳಿ. ಸಿಗದಿದ್ದರೆ, ಇಡಿ, ಕೊಳ್ಳುತ್ತೇವೆ ಎನ್ನಿ. ಸಾಹಿತ್ಯ ಯಾರದೆಂದೂ ಮರೆಯದೆ ಕೇಳಿ ಬನ್ನಿ.